ದಂಡದ ಬಾಕಿ ಮತ್ತು ಮತದ ಹಕ್ಕು

ಪ್ರಜಾಪ್ರಭುತ್ವವೆಂಬ ಸೌಧಕ್ಕೆ ಮತದಾನವೇ ತಳಹದಿ. ಸಿರಿವಂತನ ಮತಕ್ಕೂ ಬಡವನ ಮತಕ್ಕೂ ಅಲ್ಲಿ ಒಂದೇ ತೂಕ. ಪಂಡಿತನ ಮತಕ್ಕೂ ಪಾಮರನ ಮತಕ್ಕೂ ಒಂದೇ ಬೆಲೆ. ಈ ಸಮಾನತೆಯು ಮಾನವಕುಲಕ್ಕೆ ಒಂದೇ ದಿನದಲ್ಲಿ ಲಭಿಸಿದ್ದಲ್ಲ. ಆಸ್ತಿಯುಳ್ಳವನಿಗೆ ಮಾತ್ರ ಮತ, ಪುರುಷನಿಗೆ ಮಾತ್ರ ಮತ, ಬಿಳಿಯನಿಗೆ ಮಾತ್ರ ಮತ ಎಂಬ ಬೇಲಿಗಳನ್ನು ಒಂದೊಂದಾಗಿ ಕಿತ್ತೆಸೆಯಲು ಹಲವು ತಲೆಮಾರುಗಳ ಹೋರಾಟ ಬೇಕಾಯಿತು. ಆದರೂ ಬೇಲಿಗಳೆಲ್ಲವೂ ಬಿದ್ದುಹೋದವೆಂದು ಹೇಳುವಂತಿಲ್ಲ. ತಪ್ಪು ಮಾಡಿ, ಶಿಕ್ಷೆಯನ್ನು ಅನುಭವಿಸಿ, ಸೆರೆಮನೆಯಿಂದ ಹೊರಬಂದ ಮನುಷ್ಯನು ನ್ಯಾಯಾಲಯಕ್ಕೆ ಸಲ್ಲಬೇಕಾದ ಹಣವನ್ನು ತೆರಲಾರದೆ ಹೋದರೆ, ಅವನ ಮತದ ಹಕ್ಕನ್ನು ತಡೆಹಿಡಿಯುವುದು ನ್ಯಾಯವೇ? ಅಮೆರಿಕ ಸಂಯುಕ್ತ ಸಂಸ್ಥಾನದ ಫ್ಲಾರಿಡಾ ರಾಜ್ಯದಲ್ಲಿ ಈ ಪ್ರಶ್ನೆಯು ಲಕ್ಷಾಂತರ ಜನರ ಬಾಳನ್ನು ಮುಟ್ಟಿದೆ.

ಈ ಪ್ರಶ್ನೆಯ ಬೇರು ಹತ್ತೊಂಬತ್ತನೆಯ ಶತಮಾನದಲ್ಲಿದೆ. ಅಮೆರಿಕದ ಅಂತರ್ಯುದ್ಧವು 1865ರಲ್ಲಿ ಮುಗಿದು, ಗುಲಾಮಗಿರಿಯು ರದ್ದಾಯಿತು. 1868ರಲ್ಲಿ ಫ್ಲಾರಿಡಾ ರಚಿಸಿಕೊಂಡ ಸಂವಿಧಾನವು ಗುರುತರ ಅಪರಾಧಕ್ಕಾಗಿ ಶಿಕ್ಷೆ ಹೊಂದಿದವರಿಗೆ ಮತದ ಹಕ್ಕನ್ನು ನಿರಾಕರಿಸಿತು. ದಾಸ್ಯದಿಂದ ಬಿಡುಗಡೆ ಹೊಂದಿದ ಕಪ್ಪು ಜನರ ಮತಬಲವನ್ನು ಕುಗ್ಗಿಸುವ ಉದ್ದೇಶವೂ ಇದರ ಹಿಂದೆ ಇತ್ತೆಂಬುದು ಅನೇಕ ಇತಿಹಾಸಕಾರರ ಅಭಿಪ್ರಾಯ. ಶಿಕ್ಷೆ ಮುಗಿದು ಎಷ್ಟೇ ವರ್ಷಗಳು ಕಳೆದಿದ್ದರೂ, ಗವರ್ನರ್ ಮತ್ತು ಅವರ ಸಹೋದ್ಯೋಗಿಗಳ ಕೃಪೆ ದೊರೆತರೆ ಮಾತ್ರ ಹಕ್ಕು ಮರಳುತ್ತಿತ್ತು. ಇಲ್ಲವಾದರೆ ಬಾಳಿನ ಕೊನೆಯವರೆಗೂ ಮತಗಟ್ಟೆಯ ಬಾಗಿಲು ಮುಚ್ಚಿಯೇ ಇರುತ್ತಿತ್ತು. 2000ದ ಅಧ್ಯಕ್ಷ ಚುನಾವಣೆಯ ಫಲಿತಾಂಶವು ಈ ರಾಜ್ಯದ ಕೇವಲ 537 ಮತಗಳ ಅಂತರದಿಂದ ನಿರ್ಧಾರವಾಯಿತೆಂಬುದನ್ನು ನೆನೆದರೆ, ಹೀಗೆ ಹೊರಗುಳಿದವರ ಮತಗಳಿಗೆ ಎಂಥ ಬೆಲೆಯಿತ್ತೆಂಬುದು ಅರಿವಾಗುತ್ತದೆ.

ಈ ಅನ್ಯಾಯವನ್ನು ಸರಿಪಡಿಸಲು ಶ್ರಮಿಸಿದವರಲ್ಲಿ ಡೆಸ್ಮಂಡ್ ಮೀಡ್ ಪ್ರಮುಖರು. ಮಾದಕ ವಸ್ತುಗಳ ಚಟ, ಸೆರೆವಾಸ, ತಲೆಯ ಮೇಲೊಂದು ಸೂರಿಲ್ಲದ ಬದುಕು ಇವೆಲ್ಲವನ್ನೂ ಕಂಡು, ಅವುಗಳಿಂದ ಮೇಲೆದ್ದು, ಕಾನೂನು ಪದವಿಯನ್ನು ಪಡೆದ ಛಲಗಾರ ಅವರು. 2016ರಲ್ಲಿ ಅವರ ಪತ್ನಿ ರಾಜ್ಯದ ಶಾಸನಸಭೆಗೆ ಸ್ಪರ್ಧಿಸಿದಾಗ, ಸ್ವಂತ ಹೆಂಡತಿಗೆ ಮತ ನೀಡುವ ಹಕ್ಕೂ ಅವರಿಗಿರಲಿಲ್ಲ. ಅವರೂ ಅವರ ಸಂಗಡಿಗರೂ ಊರೂರು ಸುತ್ತಿ, ಪಕ್ಷಭೇದವಿಲ್ಲದೆ ಜನರನ್ನು ಕಂಡು, ಏಳೂವರೆ ಲಕ್ಷಕ್ಕೂ ಹೆಚ್ಚು ಮತದಾರರ ಸಹಿಗಳನ್ನು ಸಂಗ್ರಹಿಸಿದರು. ಅದರ ಫಲವಾಗಿ 2018ರ ನವೆಂಬರ್ 6ರಂದು ರಾಜ್ಯ ಸಂವಿಧಾನದ ತಿದ್ದುಪಡಿಯೊಂದು ಜನಮತಕ್ಕೆ ಬಂದಿತು. ಕೊಲೆ ಮತ್ತು ಗುರುತರ ಲೈಂಗಿಕ ಅಪರಾಧಗಳನ್ನು ಎಸಗಿದವರನ್ನು ಬಿಟ್ಟು, ಶಿಕ್ಷೆಯ ಎಲ್ಲ ನಿಬಂಧನೆಗಳನ್ನು ಪೂರೈಸಿದ ಉಳಿದವರಿಗೆ ಹಕ್ಕು ತಾನಾಗಿಯೇ ಮರಳಬೇಕೆಂಬುದು ಅದರ ಸಾರ. ಅಂಗೀಕಾರಕ್ಕೆ ನೂರಕ್ಕೆ 60ರಷ್ಟು ಮತಗಳು ಬೇಕಿದ್ದವು. ಸುಮಾರು 64ಕ್ಕೂ ಹೆಚ್ಚು ಮತಗಳು ಬಿದ್ದವು. ಸುಮಾರು 14 ಲಕ್ಷ ಜನರಿಗೆ ಇದರಿಂದ ಹಕ್ಕು ಮರಳುವುದೆಂದು ಅಂದಾಜು ಮಾಡಲಾಗಿತ್ತು.

ಆದರೆ ದೇವರು ವರ ಕೊಟ್ಟರೂ ಪೂಜಾರಿ ವರ ಕೊಡಲಿಲ್ಲ ಎಂಬಂತಾಯಿತು. ಮರುವರ್ಷವೇ ಶಾಸನಸಭೆಯು ಹೊಸ ಕಾಯಿದೆಯೊಂದನ್ನು ಮಾಡಿತು. 2019ರ ಜೂನ್ 28ರಂದು ಗವರ್ನರ್ ರಾನ್ ಡಿಸ್ಯಾಂಟಿಸ್ ಅದಕ್ಕೆ ಅಂಕಿತ ಹಾಕಿದರು. ದಂಡ, ನ್ಯಾಯಾಲಯದ ಶುಲ್ಕ, ನೊಂದವರಿಗೆ ಕೊಡಬೇಕಾದ ನಷ್ಟಪರಿಹಾರ ಇವೆಲ್ಲವೂ ಶಿಕ್ಷೆಯ ನಿಬಂಧನೆಗಳೇ ಆಗಿರುವುದರಿಂದ, ಅವೆಲ್ಲ ಸಂದಾಯವಾಗುವವರೆಗೆ ಹಕ್ಕು ಮರಳದೆಂದು ಆ ಕಾಯಿದೆ ವಿಧಿಸಿತು. ಇಂಥ ಬಾಕಿಯನ್ನು ಹೊತ್ತವರು ಏಳು ಲಕ್ಷಕ್ಕೂ ಹೆಚ್ಚು ಮಂದಿ ಎಂಬ ತಜ್ಞರ ಅಂದಾಜು ನ್ಯಾಯಾಲಯದ ಮುಂದೆ ಬಂದಿತು.

ಕಾಯಿದೆಯ ಸಮರ್ಥಕರ ವಾದವನ್ನು ಹಗುರವಾಗಿ ತಳ್ಳಿಹಾಕುವುದು ಉಚಿತವಲ್ಲ. ಸೆರೆವಾಸವೂ ದಂಡವೂ ಒಂದೇ ತೀರ್ಪಿನ ಎರಡು ಅಂಗಗಳು. ಒಂದನ್ನು ಮುಗಿಸಿ ಇನ್ನೊಂದನ್ನು ಬಾಕಿ ಉಳಿಸಿಕೊಂಡವನು ಶಿಕ್ಷೆಯನ್ನು ಪೂರೈಸಿದಂತಾಗದು ಎಂದು ಅವರು ಹೇಳುತ್ತಾರೆ. ತಿದ್ದುಪಡಿಯ ಪರವಾದ ವಕೀಲರೇ 2017ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯದಲ್ಲಿ ಇದನ್ನು ಒಪ್ಪಿದ್ದರೆಂದೂ ನೆನಪಿಸುತ್ತಾರೆ. ಕಳವಾದ ವಸ್ತುವಿನ ಬೆಲೆಯನ್ನು ನೊಂದವನಿಗೆ ತುಂಬಿಕೊಡದೆ ಕಳ್ಳನು ನೆಮ್ಮದಿಯಿಂದ ಮತ ಹಾಕುವುದು ಸರಿಯೇ ಎಂಬ ಅವರ ಪ್ರಶ್ನೆಯಲ್ಲಿ ಹುರುಳಿಲ್ಲವೆನ್ನಲಾಗದು. ನೊಂದವನಿಗೆ ಪರಿಹಾರ ದೊರೆಯಲೇಬೇಕು. ಅದರಲ್ಲಿ ಎರಡು ಮಾತಿಲ್ಲ.

ಆದರೆ ಈ ವಾದವು ಒಂದು ಮುಖ್ಯ ಭೇದವನ್ನು ಮರೆಯುತ್ತದೆ. ಹಣವಿದ್ದೂ ಕೊಡದವನು ಬೇರೆ, ಹಣವಿಲ್ಲದೆ ಕೊಡಲಾರದವನು ಬೇರೆ. ಮೊದಲನೆಯವನದು ದುಷ್ಟತನ, ಎರಡನೆಯವನದು ದಾರಿದ್ರ್ಯ. ಒಂದೇ ಅಪರಾಧವನ್ನು ಮಾಡಿ, ಒಂದೇ ಅವಧಿಯ ಸೆರೆವಾಸವನ್ನು ಅನುಭವಿಸಿ, ಒಂದೇ ದಿನ ಹೊರಬಂದ ಇಬ್ಬರನ್ನು ಊಹಿಸಬಹುದು. ಒಬ್ಬನು ಅಂದೇ ಬಾಕಿಯನ್ನು ತೀರಿಸಿ ಮತದಾರನಾಗುತ್ತಾನೆ. ಇನ್ನೊಬ್ಬನು ಕೂಲಿ ಮಾಡಿ ಹೊಟ್ಟೆ ಹೊರೆಯುತ್ತ ಮುಪ್ಪಿನವರೆಗೂ ಕಾಯುತ್ತಾನೆ. ಇವರಿಬ್ಬರ ನಡುವೆ ಇರುವ ಅಂತರ ಗುಣದ್ದಲ್ಲ, ಹಣದ್ದು. ಕೂಡಿಡಲು ಕಾಸಿಲ್ಲದವನಿಗೆ ಈ ಕಾಯಿದೆಯು ಹಿಂದಿನ ಆಜೀವ ನಿಷೇಧವೇ ಸರಿ.

ಬಾಕಿಯ ಸ್ವರೂಪವನ್ನೂ ಪರಿಶೀಲಿಸಬೇಕು. ಅದೆಲ್ಲವೂ ನೊಂದವರಿಗೆ ಸಲ್ಲುವ ಪರಿಹಾರವಲ್ಲ. ನ್ಯಾಯಾಲಯದ ಕಚೇರಿಗಳ ವೆಚ್ಚವನ್ನು ಆರೋಪಿಗಳ ಶುಲ್ಕದಿಂದಲೇ ಬಹುಮಟ್ಟಿಗೆ ಭರಿಸುವ ಪದ್ಧತಿ ಫ್ಲಾರಿಡಾದಲ್ಲಿದೆ. ವಕೀಲನನ್ನು ನೇಮಿಸಿಕೊಳ್ಳಲಾಗದ ಬಡವನು ಸರಕಾರಿ ವಕೀಲನಿಗಾಗಿ ಅರ್ಜಿ ಸಲ್ಲಿಸಿದರೆ, ಆ ಅರ್ಜಿಗೂ 50 ಡಾಲರುಗಳ ಶುಲ್ಕವುಂಟು. ಬಾಕಿಯ ವಸೂಲಿಯನ್ನು ಖಾಸಗಿ ಸಂಸ್ಥೆಗಳಿಗೆ ಒಪ್ಪಿಸಿದಾಗ ನೂರಕ್ಕೆ 40ರವರೆಗೆ ಹೆಚ್ಚಳವನ್ನು ಸೇರಿಸಲು ಕಾಯಿದೆಯಲ್ಲಿ ಅವಕಾಶವಿದೆ. ಬಾಕಿದಾರನ ವಾಹನ ಚಾಲನೆಯ ಪರವಾನಗಿಯನ್ನು ತಡೆಹಿಡಿಯುವುದೂ ಉಂಟು. ಕೆಲಸಕ್ಕೆ ಹೋಗುವ ದಾರಿಯನ್ನೇ ಮುಚ್ಚಿ ಹಣ ತಾ ಎನ್ನುವುದು ಗಾಯದ ಮೇಲೆ ಬರೆ ಎಳೆದಂತಲ್ಲವೇ?

ಇದಕ್ಕಿಂತಲೂ ವಿಚಿತ್ರವಾದ ಸಂಗತಿಯೆಂದರೆ, ಬಾಕಿ ಎಷ್ಟೆಂಬುದೇ ಅನೇಕರಿಗೆ ತಿಳಿಯದು. ರಾಜ್ಯದ 67 ಕೌಂಟಿಗಳ ದಾಖಲೆಗಳು ಬೇರೆಬೇರೆಯಾಗಿದ್ದವು. ದಶಕಗಳ ಹಿಂದಿನ ಕಡತಗಳು ಎಷ್ಟೋ ಕಡೆ ಅಪೂರ್ಣವಾಗಿದ್ದವು. 2020ರ ಮೇ ತಿಂಗಳಿನಲ್ಲಿ ಫೆಡರಲ್ ನ್ಯಾಯಾಧೀಶ ರಾಬರ್ಟ್ ಹಿಂಕಲ್ ಅವರು ಈ ಗೊಂದಲವನ್ನು ವಿವರವಾಗಿ ಪರಿಶೀಲಿಸಿ, ತೆರಲಾಗದವರಿಂದ ಹಣ ಕೇಳಿ ಮತವನ್ನು ತಡೆಯುವುದು ಸಂವಿಧಾನಬಾಹಿರವೆಂದು ತೀರ್ಪಿತ್ತರು. ಆದರೆ ಅದೇ ವರ್ಷದ ಸೆಪ್ಟೆಂಬರ್ 11ರಂದು ಮೇಲ್ಮನವಿ ನ್ಯಾಯಾಲಯವು ಆರು ಮತ್ತು ನಾಲ್ಕರ ಬಹುಮತದಿಂದ ಆ ತೀರ್ಪನ್ನು ರದ್ದುಗೊಳಿಸಿತು. ಈ ಹಣವು ತೆರಿಗೆಯಲ್ಲ, ಶಿಕ್ಷೆಯ ಒಂದು ಭಾಗ ಎಂಬುದು ಬಹುಮತದ ನಿಲುವು.

ತೆರಿಗೆಯ ಮಾತು ಬಂದದ್ದಕ್ಕೆ ಕಾರಣವುಂಟು. ಮತ ಹಾಕಬೇಕಾದರೆ ಮೊದಲು ತಲೆಗಂದಾಯವನ್ನು ತೆರಬೇಕೆಂಬ ನಿಯಮ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬಹುಕಾಲ ಜಾರಿಯಲ್ಲಿತ್ತು. ಫ್ಲಾರಿಡಾ 1889ರಲ್ಲಿ ಅದನ್ನು ತಂದು, 1937ರಲ್ಲಿ ಕೈಬಿಟ್ಟಿತು. 1964ರಲ್ಲಿ ಜಾರಿಗೆ ಬಂದ ಸಂವಿಧಾನದ 24ನೆಯ ತಿದ್ದುಪಡಿಯು ರಾಷ್ಟ್ರದ ಚುನಾವಣೆಗಳಲ್ಲಿ ಅಂಥ ಕಂದಾಯವನ್ನು ನಿಷೇಧಿಸಿತು. 1966ರಲ್ಲಿ ವರ್ಜೀನಿಯಾದ ಒಂದೂವರೆ ಡಾಲರಿನ ಕಂದಾಯವನ್ನು ರದ್ದುಪಡಿಸಿದ ಸರ್ವೋಚ್ಚ ನ್ಯಾಯಾಲಯವು, ಸಂಪತ್ತಿಗೂ ಮತ ಹಾಕುವ ಅರ್ಹತೆಗೂ ಸಂಬಂಧವಿಲ್ಲವೆಂದು ಸಾರಿತು. ಒಂದೂವರೆ ಡಾಲರು ಕೂಡದೆಂದ ಮೇಲೆ, ಸಾವಿರಾರು ಡಾಲರುಗಳ ಬಾಕಿಯು ಬಡವನಿಗೂ ಮತಗಟ್ಟೆಗೂ ನಡುವೆ ಗೋಡೆಯಾಗಿ ನಿಲ್ಲುವುದನ್ನು ಒಪ್ಪುವುದು ಕಷ್ಟ. ಹೆಸರು ಬದಲಾದ ಮಾತ್ರಕ್ಕೆ ಹೊರೆಯ ಭಾರ ಇಳಿಯುವುದಿಲ್ಲ.

ಭಾರತದ ಸಂವಿಧಾನವು ಆರಂಭದಿಂದಲೇ ಆಸ್ತಿ, ವಿದ್ಯೆ, ತೆರಿಗೆಗಳ ಅರ್ಹತೆಯನ್ನು ತೊರೆದು, 326ನೆಯ ಅನುಚ್ಛೇದದಲ್ಲಿ ವಯಸ್ಕ ಮತಾಧಿಕಾರವನ್ನು ಎತ್ತಿಹಿಡಿಯಿತು. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯಂತೆ ಸೆರೆಮನೆಯಲ್ಲಿರುವವರು ಮತ ಹಾಕುವಂತಿಲ್ಲ; ವಿಚಾರಣೆ ಮುಗಿಯದ ಕೈದಿಗಳಿಗೂ ಈ ನಿರ್ಬಂಧ ಅನ್ವಯಿಸುವುದು ಚರ್ಚಾಸ್ಪದವಾದ ವಿಷಯ. ಆದರೆ ಚುನಾವಣಾ ಅಪರಾಧಗಳಂಥ ಕೆಲವು ಪ್ರಸಂಗಗಳನ್ನು ಬಿಟ್ಟರೆ, ಹೊರಬಂದವನ ಹಕ್ಕು ಅವನನ್ನು ಕಾದುಕೊಂಡೇ ಇರುತ್ತದೆ. ಅಮೆರಿಕದಲ್ಲಿಯೇ ಮೇನ್ ಮತ್ತು ವರ್ಮಾಂಟ್ ರಾಜ್ಯಗಳು ಸೆರೆಯಲ್ಲಿರುವವರಿಗೂ ಮತದ ಹಕ್ಕನ್ನು ನೀಡಿವೆ. ಇದರಿಂದ ಆ ರಾಜ್ಯಗಳ ನ್ಯಾಯವ್ಯವಸ್ಥೆಯೇನೂ ಕುಸಿದುಬಿದ್ದಿಲ್ಲ.

ಹಾಗಾದರೆ ಬಾಕಿಯನ್ನು ಮನ್ನಾ ಮಾಡಬೇಕೇ? ಅದರ ಅಗತ್ಯವಿಲ್ಲ. ಸಾಲವನ್ನು ಸಾಲದಂತೆ ವಸೂಲು ಮಾಡಲು ನ್ಯಾಯಾಲಯಗಳಿಗೆ ದಾರಿಗಳಿವೆ. ದುಡಿಮೆಗೆ ತಕ್ಕಂತೆ ಕಂತು ಕಟ್ಟಿಸಬಹುದು. ಇದ್ದೂ ಕೊಡದವನ ಆಸ್ತಿಯನ್ನು ಜಪ್ತಿ ಮಾಡಬಹುದು. ಮತದ ಹಕ್ಕನ್ನು ಒತ್ತೆಯಿಟ್ಟುಕೊಂಡ ಮಾತ್ರಕ್ಕೆ ಬರಿಗೈಯವನ ಕೈಯಲ್ಲಿ ಹಣ ಹುಟ್ಟದು; ನೊಂದವನಿಗೆ ಪರಿಹಾರವೂ ಬಾರದು.

ಶಿಕ್ಷೆಯ ಗುರಿ ಮನುಷ್ಯನನ್ನು ತಿದ್ದಿ ಸಮಾಜಕ್ಕೆ ಮರಳಿಸುವುದು. ಬಾ ಎಂದು ಕರೆದು ಹೊಸ್ತಿಲಲ್ಲಿಯೇ ತಡೆದು ನಿಲ್ಲಿಸುವ ಸಮಾಜವು ಅವನಿಂದ ನಿಷ್ಠೆಯನ್ನು ನಿರೀಕ್ಷಿಸುವುದು ಹೇಗೆ? ಕಾನೂನನ್ನು ಪಾಲಿಸಬೇಕಾದವನಿಗೆ, ಕಾನೂನು ಮಾಡುವವರನ್ನು ಆರಿಸುವುದರಲ್ಲಿ ಪಾಲಿರಬೇಕು. 2024ರ ಅಂದಾಜಿನಂತೆ ಅಪರಾಧದ ಕಾರಣದಿಂದ ಮತವನ್ನು ಕಳೆದುಕೊಂಡವರು ಅಮೆರಿಕದಲ್ಲಿ ಸುಮಾರು 40 ಲಕ್ಷ ಮಂದಿ. ಅವರಲ್ಲಿ ಅತಿ ಹೆಚ್ಚಿನವರು ಫ್ಲಾರಿಡಾದವರು. ಅಪರಾಧಕ್ಕೆ ಶಿಕ್ಷೆಯಿರಲಿ, ಸಾಲಕ್ಕೆ ವಸೂಲಿಯಿರಲಿ. ಬಡತನಕ್ಕೆ ಮಾತ್ರ ದಂಡ ಬೇಡ.