ಎಣಿಸೋದು ಬಿಡಿ ಮಾರಾಯ್ರೆ, ನೋಡಿ

ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿರುವ ರಾಯಲ್ ಒಪೆರಾ ಹೌಸ್. ತೀರಾ ಮೇಲಿನ ಅಂತಸ್ತು, ನಿಂತು ನೋಡುವ ಅಗ್ಗದ ಟಿಕೆಟು. ಕಂಬಿಗೆ ಒರಗಿ 'ಸ್ವಾನ್ ಲೇಕ್' ನೋಡ್ತಾ ಇದ್ದೆ. ಮೂರನೇ ಅಂಕ. ಕಪ್ಪು ಉಡುಪಿನ ಒಡೀಲ್ ರಂಗದ ನಡುವೆ ಬಂದು ಒಂಟಿ ಕಾಲಲ್ಲಿ ತಿರುಗಲಿಕ್ಕೆ ಶುರು ಮಾಡಿದಳು. ಪಕ್ಕದಲ್ಲಿ ನಿಂತವನ ತುಟಿ ಅಲುಗಾಡ್ತಾ ಇತ್ತು. ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು... ಅವಳು ನಿಂತಳು, ಜನ ಎದ್ದು ಚಪ್ಪಾಳೆ ಹೊಡೆದರು. ಈ ಮನುಷ್ಯ ನನ್ನ ಕಡೆ ತಿರುಗಿ "ಒಂದು ಕಮ್ಮಿ" ಅಂದ. ಬಸ್ಸಿನ ಕಂಡಕ್ಟರ್ ಒಂದು ರೂಪಾಯಿ ಚಿಲ್ಲರೆ ಕೊಡದೆ ಹೋದಾಗ ನಮ್ಮ ಮುಖ ಆಗುತ್ತಲ್ಲ, ಹಾಗಿತ್ತು ಅವನ ಮುಖ.

ನನಗೆ ನಗು ಬರಲಿಲ್ಲ. ಯಾಕೆಂದ್ರೆ ಅಷ್ಟು ಹೊತ್ತು ನಾನೂ ಎಣಿಸ್ತಾ ಇದ್ದೆ. ಅವನದ್ದು ಮೂವತ್ತೊಂದು, ನನ್ನದು ಮೂವತ್ತಮೂರು.

ಎಣಿಸೋದು ನಾನು ಲಂಡನ್ನಿನಲ್ಲಿ ಕಲಿತದ್ದಲ್ಲ. ಪುತ್ತೂರು ತಾಲೂಕಿನ ಒಂದು ಕೊಯ್ಲಾದ ಗದ್ದೆಯಲ್ಲಿ, ಚಾಪೆ ಹಾಸಿಕೊಂಡು, ಶಾಲು ಹೊದ್ದುಕೊಂಡು ಕಲಿತದ್ದು. ತೆಂಕುತಿಟ್ಟಿನ ಆಟ ನೋಡಿದವರಿಗೆ ಗೊತ್ತು: ಅಭಿಮನ್ಯುವೋ ಬಭ್ರುವಾಹನನೋ ರಂಗಕ್ಕೆ ಬಂದು, ಚೆಂಡೆ ಏರಿ, ಪುಂಡುವೇಷದವ ಗಾಳಿಯಲ್ಲಿ ಹಾರಿ ಹಾರಿ ತಿರುಗುವ ಧಿಗಿಣ ಶುರು ಮಾಡಿದ ಅಂದ್ರೆ ಹಿಂದಿನ ಸಾಲಿನಿಂದ ಎಣಿಕೆ ಕೇಳುತ್ತದೆ. "ಐವತ್ತಾಯ್ತು! ಅರವತ್ತು!" ಮರುದಿನ ಶಾಲೆಯಲ್ಲಿ ಚರ್ಚೆ ಅದೇ. ಯಾರದ್ದು ಎಷ್ಟು? ಪದ್ಯ ಯಾವುದಿತ್ತು, ಅರ್ಥ ಏನು ಹೇಳಿದರು ಅಂತ ಕೇಳಿದ್ರೆ ಒಬ್ಬನಿಗೂ ಗೊತ್ತಿಲ್ಲ.

ಹಾಗಾಗಿ ಇದು ಅಲ್ಲಿಯವರ ರೋಗ, ಇಲ್ಲಿಯವರ ರೋಗ ಅಂತ ಹೇಳ್ಲಿಕ್ಕೆ ನಾನು ಬಂದಿಲ್ಲ. ಎರಡೂ ಕಡೆ ರೋಗ ಒಂದೇ.

ಮೊದಲು ಆ ಮೂವತ್ತೆರಡರ ಕಥೆ ಕೇಳಿ. ಒಡೀಲ್ ಮಾಡುವ ಆ ತಿರುಗುವಿಕೆಗೆ ಫುವೆಟೆ ಅಂತ ಹೆಸರು. ಒಂದು ಕಾಲಿನ ಬೆರಳ ತುದಿಯ ಮೇಲೆ ದೇಹ ನಿಲ್ಲಬೇಕು, ಇನ್ನೊಂದು ಕಾಲು ಚಾಟಿಯ ಹಾಗೆ ಬೀಸಿ ಒಳಗೆ ಬರಬೇಕು, ಪ್ರತಿ ಸುತ್ತಿಗೂ ಹಿಮ್ಮಡಿ ಇಳಿದು ಮತ್ತೆ ಏರಬೇಕು. ಮೂವತ್ತೆರಡು ಸಲ, ನಿಂತ ಜಾಗ ಬಿಡದೆ. ಕಷ್ಟ ಹೌದು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಈ ಸಂಖ್ಯೆ ಸ್ವಾನ್ ಲೇಕ್ ಹುಟ್ಟಿದಾಗ ಅದರ ಜೊತೆ ಹುಟ್ಟಿದ್ದಲ್ಲ. 1877ರಲ್ಲಿ ಮಾಸ್ಕೋದಲ್ಲಿ ಅದು ಮೊದಲು ರಂಗಕ್ಕೆ ಬಂತು. ನಾವು ಇವತ್ತು ನೋಡುವುದಕ್ಕೆ ಮೂಲವಾದ ರೂಪ ಪೆಟಿಪಾ ಮತ್ತು ಇವಾನೊವ್ ಸೇರಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ 1895ರಲ್ಲಿ ಕಟ್ಟಿದ್ದು. ಅಷ್ಟರಲ್ಲಿ ಸಂಗೀತ ಬರೆದ ಚೈಕೋವ್‌ಸ್ಕಿ ತೀರಿಕೊಂಡೇ ಆಗಿತ್ತು. ಆ ಪ್ರಯೋಗದ ನಾಯಕಿ ಇಟಲಿಯ ಪಿಯೆರೀನಾ ಲೆನ್ಯಾನಿ. ಎರಡು ವರ್ಷ ಹಿಂದೆ 'ಸಿಂಡರೆಲ್ಲಾ'ದಲ್ಲಿ ಮೂವತ್ತೆರಡು ಫುವೆಟೆ ಮಾಡಿ ಊರನ್ನೇ ಬೆರಗುಗೊಳಿಸಿದ್ದಳು. ಅದನ್ನೇ ಇಲ್ಲಿಗೂ ತಂದಳು. ಅಂದ್ರೆ ಏನಾಯ್ತು? ಒಬ್ಬ ಕಲಾವಿದೆಗೆ ಚೆನ್ನಾಗಿ ಬರುತ್ತಿದ್ದ ಒಂದು ಪಟ್ಟು ಅವಳ ನಂತರದ ಎಲ್ಲರಿಗೂ ಕಾನೂನಾಗಿ ಕೂತಿತು.

ಈ ಕಾನೂನನ್ನು ಎಲ್ಲರೂ ಪಾಲಿಸಿದ್ದಾರಾ ಅಂದ್ರೆ ಅದೂ ಇಲ್ಲ. ಬೊಲ್ಷಾಯ್‌ನ ಮಾಯಾ ಪ್ಲಿಸೆಟ್ಸ್‌ಕಾಯಾ, ಇಪ್ಪತ್ತನೇ ಶತಮಾನದ ದೊಡ್ಡ ಒಡೀಲ್‌ಗಳಲ್ಲಿ ಒಬ್ಬಳು, ಫುವೆಟೆ ಬಿಟ್ಟು ರಂಗದ ಸುತ್ತ ವೇಗವಾಗಿ ತಿರುಗುತ್ತಾ ಸಾಗುವ ಸುತ್ತು ಹಾಕುತ್ತಿದ್ದಳು. ಅವಳ ಒಡೀಲ್ ಅಪೂರ್ಣ ಅಂತ ಯಾರು ಹೇಳ್ತಾರೆ? ಈಗಿನವರಲ್ಲಿ ಹಲವರು ನಡುನಡುವೆ ಒಂದೇ ಬೀಸಿಗೆ ಎರಡು ಮೂರು ಸುತ್ತು ಸೇರಿಸುತ್ತಾರೆ. ಹಾಗಾಗಿ ಎಣಿಸುವವರ ಲೆಕ್ಕವೇ ಮೊದಲು ತಪ್ಪುತ್ತದೆ. ನನ್ನದೂ ಪಕ್ಕದವನದೂ ತಪ್ಪಿದ್ದು ಹಾಗೆಯೇ ಇರಬೇಕು.

2018ರಲ್ಲಿ ಏನಾಯ್ತು ನೋಡಿ. ಅಮೆರಿಕನ್ ಬ್ಯಾಲೆ ಥಿಯೇಟರಿನ ಮಿಸ್ಟಿ ಕೋಪ್‌ಲ್ಯಾಂಡ್ ಸಿಂಗಾಪುರದಲ್ಲಿ ಒಡೀಲ್ ಮಾಡುವಾಗ ಫುವೆಟೆ ಪೂರ್ತಿಯಾಗಲಿಲ್ಲ. ನಡುವೆ ಬಿಟ್ಟು ಬೇರೆ ಸುತ್ತುಗಳಲ್ಲಿ ಮುಗಿಸಿದಳು. ಯಾರೋ ಆ ತುಣುಕನ್ನು ಅಂತರ್ಜಾಲಕ್ಕೆ ಹಾಕಿದರು. ಆಮೇಲೆ ಗೊತ್ತಲ್ಲ. ಆ ಕಂಪನಿಯ ಪ್ರಿನ್ಸಿಪಲ್ ಪಟ್ಟಕ್ಕೆ 2015ರಲ್ಲಿ ಏರಿದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆ ಅವಳು. "ಯೋಗ್ಯತೆ ಇಲ್ಲದೆ ಪಟ್ಟ ಕೊಟ್ಟರು" ಅನ್ನಲು ಕಾಯುತ್ತಿದ್ದವರಿಗೆ ಆ ತುಣುಕು ಸಾಕಾಯ್ತು. ಕೊನೆಗೆ ಅವಳೇ ಇನ್‌ಸ್ಟಾಗ್ರಾಮಿನಲ್ಲಿ ಉತ್ತರ ಕೊಡಬೇಕಾಯ್ತು. ಇಡೀ ರಾತ್ರಿಯ ನಾಟ್ಯ, ಎರಡು ಪಾತ್ರ, ವರ್ಷಗಟ್ಟಲೆಯ ಶ್ರಮ, ಎಲ್ಲದರ ತೀರ್ಪು ಅರೆ ನಿಮಿಷದ ವಿಡಿಯೋದಲ್ಲಿ!

ಎಣಿಸುವವರಿಗೆ ನನ್ನ ಪ್ರಶ್ನೆ ಇಷ್ಟೇ. ಒಡೀಲ್ ಯಾಕೆ ತಿರುಗ್ತಾಳೆ?

ಅವಳು ರಾಜಕುಮಾರ ಸೀಗ್‌ಫ್ರೀಡನನ್ನು ಮೋಸ ಮಾಡಲಿಕ್ಕೆ ಬಂದವಳು. ಹಂಸವಾಗಿರುವ ಒಡೆಟ್‌ಳ ರೂಪ ತೊಟ್ಟು ಬಂದಿದ್ದಾಳೆ. ಅವಳು ತಿರುಗಿದ ಹಾಗೆಲ್ಲ ತಿರುಗಬೇಕಾದ್ದು ಅವನ ತಲೆ. ಆ ಅಮಲಿನಲ್ಲೇ ಅವನು ಪ್ರಮಾಣ ಮಾಡಿಬಿಡುತ್ತಾನೆ, ಎಲ್ಲ ಹಾಳಾಗುತ್ತದೆ. ಹಾಗಾಗಿ ಆ ಹೊತ್ತಿಗೆ ನೋಡಬೇಕಾದ್ದು ಅವಳ ಕಾಲನ್ನು ಮಾತ್ರ ಅಲ್ಲ, ಬದಿಯಲ್ಲಿ ನಿಂತ ಆ ಪಾಪದ ಹುಡುಗನ ಮುಖವನ್ನು ಕೂಡ. ಎಷ್ಟು ಜನ ನೋಡ್ತಾರೆ? ಇನ್ನು ಎರಡನೇ ಅಂಕದಲ್ಲಿ, ಸರೋವರದ ಹತ್ತಿರ, ಒಂಟಿ ಪಿಟೀಲಿನ ಜೊತೆ ಒಡೆಟ್ ಮೆಲ್ಲಗೆ ಅವನ ತೋಳಿಗೆ ಒರಗುವುದುಂಟು. ಅಲ್ಲಿ ಎಣಿಸ್ಲಿಕ್ಕೆ ಏನೂ ಇಲ್ಲ. ಬೆನ್ನು, ಕತ್ತು, ರೆಕ್ಕೆಯಂಥ ಕೈ. ಆ ನಾಟಕದ ಜೀವ ಇರೋದೇ ಅಲ್ಲಿ. ಮರಿಯಾನೆಲಾ ನುನ್ಯೆಸ್‌ಗೆ ಫುವೆಟೆ ನೀರು ಕುಡಿದಷ್ಟು ಸುಲಭ. ಆದರೂ ಅವಳನ್ನು ದೊಡ್ಡವಳು ಅಂತ ನಾನು ಒಪ್ಪೋದು ಆ ನಿಧಾನದ ಹತ್ತು ನಿಮಿಷಕ್ಕೆ.

ನಾವು ಐಟಿಯವರು ಇದನ್ನು ಬೇಗ ಅರ್ಥ ಮಾಡಿಕೊಳ್ಳಬೇಕಿತ್ತು. ಎಷ್ಟು ಟಿಕೆಟ್ ಕ್ಲೋಸ್ ಮಾಡಿದೆ, ಎಷ್ಟು ಕಮಿಟ್ ಹಾಕಿದೆ ಅಂತ ಎಣಿಸಿ ರೇಟಿಂಗ್ ಕೊಡುವ ಮ್ಯಾನೇಜರನ್ನು ಕೆಫೆಟೀರಿಯಾದಲ್ಲಿ ಕೂತು ಬಯ್ಯುವವರು ನಾವೇ. ಸಂಜೆ ಟಿಕೆಟ್ ತಗೊಂಡು ಕಲೆ ನೋಡ್ಲಿಕ್ಕೆ ಹೋದ ಕೂಡ್ಲೆ ಅದೇ ಮ್ಯಾನೇಜರ್ ನಮ್ಮೊಳಗೆ ಬಂದು ಕೂರ್ತಾನೆ.

ಎಣಿಕೆ ಬರೀ ದಡ್ಡತನ ಆಗಿದ್ರೆ ನಾನಿಷ್ಟು ಬರೀತಿರಲಿಲ್ಲ. ಅದಕ್ಕೆ ಬೆಲೆ ತೆರುವವರು ಬೇರೆಯವರು.

ನಮ್ಮೂರ ಕಡೆಯ ಒಬ್ಬರು ಪುಂಡುವೇಷ ಮಾಡ್ತಾ ಇದ್ದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಅಣ್ಣ ಅಂತಲೇ ಕರೆಯುವುದು. ನಾನು ಬೀಇ ಮುಗಿಸಿ ಕೆಲಸಕ್ಕೆ ಸೇರಿದ ಹೊಸತು, ಕೈಯಲ್ಲಿ ಒಳ್ಳೆ ಕ್ಯಾಮೆರಾದ ಫೋನು. ಊರಿನ ಆಟಕ್ಕೆ ಹೋಗಿದ್ದೆ. ಅವರ ಅಭಿಮನ್ಯು. ಧಿಗಿಣ ಶುರುವಾದದ್ದೇ ನಾನು ರೆಕಾರ್ಡ್ ಒತ್ತಿದೆ, ಜೋರಾಗಿ ಎಣಿಸಿದೆ, ನನ್ನ ಜೊತೆ ಹಿಂದಿನ ನಾಲ್ಕು ಸಾಲು ಎಣಿಸಿತು. ನೂರು ದಾಟಿತು. ರಾತ್ರಿಯೇ ವಿಡಿಯೋ ಹಾಕಿದೆ, ಸಂಖ್ಯೆಯನ್ನೇ ಹೆಸರಾಗಿ ಇಟ್ಟು. ಚೆನ್ನಾಗಿ ಓಡಿತು. ಅದರ ನಂತರ ಅವರು ಹೋದಲ್ಲೆಲ್ಲ ಜನ ಆ ಸಂಖ್ಯೆ ಕೇಳಿದರು. ಅದಕ್ಕಿಂತ ಹತ್ತು ಹೆಚ್ಚು ಕೇಳಿದರು. ಕಡಿಮೆ ಆದ ದಿನ "ಇವತ್ತು ದಮ್ಮಿಲ್ಲ" ಅಂದರು.

ಹೋದ ವರ್ಷ ಒಂದು ಮದುವೆಮನೆಯಲ್ಲಿ ಸಿಕ್ಕಿದರು. ಊಟದ ಹೊತ್ತಿಗೆ ನಾವೆಲ್ಲ ಪಂಕ್ತಿಯಲ್ಲಿ ನೆಲಕ್ಕೆ ಕೂತರೆ ಅವರು ಮೂಲೆಯಲ್ಲಿ, ಅಜ್ಜಂದಿರ ಜೊತೆ, ಕುರ್ಚಿ ಮೇಜಿಗೆ ಹೋದರು. ಎರಡೂ ಮೊಣಕಾಲು ಮಡಚ್ಲಿಕ್ಕೆ ಆಗೋದಿಲ್ಲ. ವೇಷ ಬಿಟ್ಟು ಮೂರು ವರ್ಷ ಆಯ್ತಂತೆ. ಮೇಳದಲ್ಲಿ ಮೊಣಕಾಲಿಗೆ ಪಿಂಚಣಿ ಇಲ್ಲ. ಕೈ ತೊಳೀವಾಗ ಹತ್ತಿರ ಬಂದು, "ನೀನು ಹಾಕಿದ ಆ ವಿಡಿಯೋ ಉಂಟಲ್ಲ, ಅದನ್ನು ತೆಗಿಬೇಡ ಮಾರಾಯ. ಮಗಳಿಗೆ ತೋರಿಸ್ಲಿಕ್ಕೆ ಅದೊಂದೇ ಇರೋದು" ಅಂದರು.

ಆ ರಾತ್ರಿ ವಿಡಿಯೋ ಮತ್ತೆ ಹಾಕಿ ನೋಡಿದೆ. ಅದರಲ್ಲಿ ಅವರ ಮುಖ ಕಾಣುವುದೇ ಇಲ್ಲ. ನಾನು ಜೂಮ್ ಮಾಡಿದ್ದು ಕಾಲಿಗೆ. ಚಕ್ರವ್ಯೂಹಕ್ಕೆ ಹೊರಟ ಹುಡುಗನ ಕಣ್ಣಲ್ಲಿ ಏನಿತ್ತೋ ಆ ದಿನ, ನಾನು ನೋಡಲಿಲ್ಲ. ನನ್ನ ಎಣಿಕೆಯ ದನಿ ಮಾತ್ರ ಸ್ಪಷ್ಟವಾಗಿ ಕೇಳುತ್ತದೆ.

ಇದಕ್ಕೆ ಉತ್ತರವಾಗಿ ಬರುವ ಮಾತುಗಳು ನನಗೆ ಗೊತ್ತು. ಒಂದು: "ದುಡ್ಡು ಕೊಟ್ಟು ಬಂದಿದ್ದೇವೆ, ಸಾಮರ್ಥ್ಯ ನೋಡಬಾರದಾ?" ಖಂಡಿತ ನೋಡಿ. ತಾಳ ತಪ್ಪಿದ್ರೆ, ಅಭ್ಯಾಸ ಮಾಡದೆ ಬಂದ್ರೆ ಹೇಳಿ. ಭಾವ ಒಂದಿದ್ರೆ ಸಾಕು, ಕಾಲು ಹೇಗಿದ್ರೂ ನಡೀತದೆ ಅಂತ ನಾನು ಹೇಳ್ತಾ ಇಲ್ಲ. ಎರಡು: "ಕಲಾವಿದರಿಗೇ ಚಪ್ಪಾಳೆ ಬೇಕು." ಬೇಕು, ಕೊಡಿ. ಬ್ಯಾಲೆಯಲ್ಲಿ ನಡುವೆ ಚಪ್ಪಾಳೆ ಹೊಡೆಯುವುದು ತಪ್ಪಲ್ಲ, ಆಟದಲ್ಲಿ ಶಿಳ್ಳೆ ಹೊಡೆಯುವುದೂ ತಪ್ಪಲ್ಲ. ಗಂಭೀರವಾಗಿ ಮುಖ ಗಂಟಿಕ್ಕಿ ಕೂರುವ ರಸಿಕರ ಪಕ್ಷ ನನ್ನದಲ್ಲ. ಆದ್ರೆ ಮೆಚ್ಚಿ ಹೊಡೆಯುವ ಚಪ್ಪಾಳೆ ಬೇರೆ, ಇನ್ನೂ ಹತ್ತು ಹಾಕು ಅಂತ ಹೊಡೆಯುವ ಚಪ್ಪಾಳೆ ಬೇರೆ. ಕುಣಿಯುವವನಿಗೆ ಎರಡರ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಎಣಿಕೆ ಬಿಟ್ಟರೆ ಮಜಾ ಹೋಗುತ್ತದೆ ಅನ್ನುವವರು ಫ್ರೆಡರಿಕ್ ಆಷ್ಟನ್ 1960ರಲ್ಲಿ ಕಟ್ಟಿದ 'ಲಾ ಫೀಯ್ ಮಲ್ ಗಾರ್ದೆ' ನೋಡಿ. ಹಳ್ಳಿಯ ಕಥೆ. ಬೆಳಗಾಗುವಾಗ ಹುಂಜ ಮತ್ತು ಹೇಂಟೆಗಳು ಬಂದು ಕುಣಿಯುತ್ತವೆ. ಮಗಳಿಗೆ ಕಾವಲು ಕೂತ ವಿಧವೆ ಸಿಮೋನ್‌ಳ ಪಾತ್ರ ಮಾಡುವುದು ಗಂಡಸು. ಮರದ ಚಡಾವು ಹಾಕಿಕೊಂಡು ಟಕಟಕ ಕುಣಿಯುವಾಗ ಇಡೀ ಸಭೆ ನಗುತ್ತದೆ. ಸ್ತ್ರೀವೇಷ ನೋಡಿ ಬೆಳೆದ ನನಗೆ ಅಲ್ಲಿ ಪರಕೀಯ ಅನ್ನಿಸಲೇ ಇಲ್ಲ. ಶಿವರಾಮ ಕಾರಂತರು ನಮ್ಮ ಆಟವನ್ನು ಹೊಸದಾಗಿ ಕಟ್ಟಿ ಅದಕ್ಕೆ ಯಕ್ಷಗಾನ ಬ್ಯಾಲೆ ಅಂತ ಹೆಸರಿಟ್ಟಾಗ ಜಗಳ ಮಾಡಿದವರು ಬಹಳ. ಆ ಜಗಳದಲ್ಲಿ ನಾನು ಯಾರ ಕಡೆಯೂ ಇಲ್ಲ. ಕುಣಿತದ ಕೆಲಸ ಕಥೆ ಹೇಳುವುದು ಅನ್ನುವಷ್ಟರ ಮಟ್ಟಿಗೆ ಮಾತ್ರ ನಾನು ಕಾರಂತರ ಪಾಲಿನವ.

ಕೊನೆಗೆ ಕೇಳೋದು ಇಷ್ಟು. ಮುಂದಿನ ಸಲ ಯಾವುದೇ ರಂಗದ ಮುಂದೆ ಕೂತಾಗ, ಸುತ್ತು ಶುರುವಾಯ್ತು ಅಂದ ಕೂಡ್ಲೆ ಫೋನ್ ಕಿಸೆಯಲ್ಲಿ ಹಾಕಿ. ಕಾಲು ಬಿಟ್ಟು ಒಂದು ಸಲ ಮುಖ ನೋಡಿ. ನಿಮ್ಮ ಮೆಚ್ಚಿನವರ ವೇಷ ಮುಗಿದದ್ದೇ ಬೈಕ್ ಸ್ಟಾರ್ಟ್ ಮಾಡದೆ ಮಂಗಳದವರೆಗೆ ಕೂತುಕೊಳ್ಳಿ. ಕಡಿಮೆ ತಿರುಗಿದವರಿಗೂ ಕಥೆ ಹೇಳಿದ್ರೆ ಕೈ ನೋಯುವಷ್ಟು ಚಪ್ಪಾಳೆ ಹೊಡೆಯಿರಿ.

ಆ ವಿಡಿಯೋ ನಾನು ತೆಗೆದಿಲ್ಲ, ಅಣ್ಣನಿಗೆ ಮಾತು ಕೊಟ್ಟಾಗಿದೆ. ಹೆಸರು ಮಾತ್ರ ಬದಲಾಯಿಸಿದೆ. ಸಂಖ್ಯೆ ತೆಗೆದು ಅಭಿಮನ್ಯು ಅಂತ ಹಾಕಿದ್ದೇನೆ.