ತಂಬೂರಿಯ ದಾಂಡಿ ಮರದ್ದೇ ಇರಲಿ

ಸದಲಗಾ, ಚಿಕ್ಕೋಡಿ, ಕಾಗವಾಡದ ಕಡೆ ಹಾಡುವ ಕೆಲವರು ಈಗ ಒಂದು ವಾದ ಹೂಡಿದ್ದಾರೆ. ಮಳೆಗಾಲದಲ್ಲಿ ದೂಧಗಂಗೆಯ ತೇವಕ್ಕೆ ಮಿರಜ ತಂಬೂರಿಯ ಮರ ಉಬ್ಬುತ್ತದೆ, ಶ್ರುತಿ ನಿಲ್ಲುವುದಿಲ್ಲ; ಅದಕ್ಕೆ ಅಲ್ಯೂಮಿನಿಯಂ ದಾಂಡಿ (ಕುತ್ತಿಗೆ) ಹಾಕಿಸಬೇಕು, ಇಲ್ಲವೇ ವಾದ್ಯವನ್ನೇ ಬಿಟ್ಟು ಎಲೆಕ್ಟ್ರಾನಿಕ್ ಪೆಟ್ಟಿಗೆ ಇಟ್ಟುಕೊಳ್ಳಬೇಕು ಎಂಬುದು ಅವರ ಮಾತು. ಇದನ್ನು ನಾನು ಒಪ್ಪುವುದಿಲ್ಲ.

ಲೋಹದ ದಾಂಡಿಗೆ ಅವರು ಕೊಡುವ ಸಾಕ್ಷಿ ಅಮೆರಿಕದ ಎಲೆಕ್ಟ್ರಿಕ್ ಗಿಟಾರ್. ಸಾಕ್ಷಿ ಸುಳ್ಳಲ್ಲ. ಕ್ಯಾಲಿಫೋರ್ನಿಯಾದ ಟ್ರಾವಿಸ್ ಬೀನ್ 1974ರಿಂದ 1979ರವರೆಗೆ ಅಲ್ಯೂಮಿನಿಯಂ ಕುತ್ತಿಗೆಯ ಗಿಟಾರ್ ಮಾಡಿದರು. ಕ್ರೇಮರ್ ಕಂಪನಿ 1976ರಲ್ಲಿ ಅದೇ ದಾರಿ ಹಿಡಿದು, ಕೆಲವೇ ವರ್ಷಗಳಲ್ಲಿ ಮರಕ್ಕೆ ಮರಳಿತು. ಆ ಗಿಟಾರುಗಳ ನಾದ ಚೊಕ್ಕ, ಹೊಳಪಿನದು, ಬಹಳ ಹೊತ್ತು ನಿಲ್ಲುವಂಥದ್ದು. ಇವತ್ತಿಗೂ ಅವನ್ನು ಹುಡುಕಿಕೊಂಡು ಹೋಗಿ ಕೊಳ್ಳುವವರಿದ್ದಾರೆ. ಆದರೆ ಅಲ್ಲಿ ತಂತಿಯ ಕಂಪನವನ್ನು ಹಿಡಿಯುವುದು ಪಿಕಪ್, ಅದನ್ನು ಕೇಳಿಸುವುದು ಆಂಪ್ಲಿಫೈಯರ್. ತಂಬೂರಿಯಲ್ಲಿ ಆ ಕೆಲಸವೆಲ್ಲ ತಬಲಿ ಎಂಬ ಮುಂಭಾಗದ ಮರದ ಹಲಗೆಯದು, ಅದರ ಹಿಂದಿನ ಬುರುಡೆಯದು. ಇನ್ನು ಆ ಗಿಟಾರುಗಳ ಮೇಲಿನ ದೂರುಗಳನ್ನು ಇವರು ಹೇಳುವುದೇ ಇಲ್ಲ. ಕುತ್ತಿಗೆಯ ಭಾರಕ್ಕೆ ವಾದ್ಯ ಆ ಕಡೆಗೇ ವಾಲುತ್ತಿತ್ತು. ತಣ್ಣಗಿದ್ದ ಲೋಹ ಕೈಯ ಕಾವಿಗೆ, ವೇದಿಕೆಯ ದೀಪದ ಕಾವಿಗೆ ಹಿಗ್ಗಿ ಶ್ರುತಿ ಜಾರುತ್ತಿತ್ತು. ತೇವದ ಕಾಟ ತಪ್ಪಿಸಲು ಹೋಗಿ ಬಿಸಿಯ ಕಾಟ ತಂದುಕೊಳ್ಳುವುದು ಯಾವ ಲಾಭಕ್ಕೆ?

ಭಾರದ ಮಾತು ತಂಬೂರಿಗೆ ಇನ್ನೂ ಮುಖ್ಯ. ಪಂಢರಪುರದ ಸುತ್ತ ಬೆಳೆಯುವ ದೊಡ್ಡ ಸೋರೆಬುರುಡೆ, ಅದರ ಮೇಲೆ ತೂನ್ ಮರದ ಟೊಳ್ಳು ದಾಂಡಿ. ಭಾರವೆಲ್ಲ ಕೆಳಗೆ ನಿಲ್ಲುವುದರಿಂದ ಗಂಟೆಗಟ್ಟಲೆ ಕೂತು ಮೀಟಿದರೂ ಹಿಡಿದ ಕೈ ಸೋಲುವುದಿಲ್ಲ. ಮೇಲೆ ಲೋಹ ಸೇರಿಸಿದರೆ ತಂಬೂರಿ ಹೆಗಲಿಗೆ ಬೀಳುತ್ತದೆ. ಮಿರಜದ ಕುಶಲಕರ್ಮಿಗಳು ಹತ್ತೊಂಬತ್ತನೇ ಶತಮಾನದಿಂದ ತಿದ್ದುತ್ತ ಬಂದ ತೂಕ ಇದು.

ಇನ್ನು ಎಲೆಕ್ಟ್ರಾನಿಕ್ ಪೆಟ್ಟಿಗೆ. ಅದೂ ತಂಬೂರಿಯ ನಾದವನ್ನೇ ಕೊಡುತ್ತದಂತೆ. ಪ್ರಯಾಣದಲ್ಲಿ ಅದು ಉಪಕಾರಿ, ಒಪ್ಪುತ್ತೇನೆ. ಅದೇ ನಾದ ಎಂಬುದನ್ನು ಮಾತ್ರ ಒಪ್ಪಲಾರೆ. 1921ರಲ್ಲಿ ಸಿ.ವಿ. ರಾಮನ್ ತಂಬೂರಿ ಮತ್ತು ವೀಣೆಯಲ್ಲಿ ತಂತಿ ಹಾಯುವ ಕುದುರೆಯ ಬಗ್ಗೆ ಬರೆದರು. ತಂತಿಯನ್ನು ನಟ್ಟನಡುವೆ ಮೀಟಿದರೆ ಕೆಲವು ಉಪಸ್ವರಗಳು ಏಳಬಾರದು ಎಂಬುದು ಭೌತವಿಜ್ಞಾನದ ನಿಯಮ. ತಂಬೂರಿಯಲ್ಲಿ ಅವೂ ಬಲವಾಗಿ ಏಳುತ್ತವೆ. ಕಾರಣ, ಕುದುರೆಯ ಮೈ ತುಸು ಉಬ್ಬು. ಕಂಪಿಸುವ ತಂತಿ ಅದನ್ನು ಸವರಿಕೊಂಡೇ ಏಳುತ್ತದೆ; ಕೆಳಗೆ ತೂರಿಸಿದ ನೂಲೆಳೆ ಕೂದಲೆಳೆಯಷ್ಟು ಸರಿದರೂ ಜವಾರಿ, ಅಂದರೆ ಆ ಝೇಂಕಾರ, ಬದಲಾಗುತ್ತದೆ. ಆ ನೂಲನ್ನು ಸರಿಸುತ್ತ, ತಂತಿಯ ಮಣಿಯನ್ನು ಮೇಲೆ ಕೆಳಗೆ ಮಾಡುತ್ತ ಷಡ್ಜಕ್ಕೆ ಷಡ್ಜ ಕೂಡುವವರೆಗೆ ಕಾಯುವುದರಲ್ಲೇ ಕಲಿಯುವ ಹುಡುಗರ ಕಿವಿ ಹದವಾಗುತ್ತದೆ. ಗುಂಡಿ ಒತ್ತಿ ಸಿದ್ಧ ಶ್ರುತಿ ಪಡೆದವರಿಗೆ ಆ ಪಾಠವೇ ತಪ್ಪಿಹೋಗುತ್ತದೆ. ಪೆಟ್ಟಿಗೆಯ ಮೇಲೆ ನನ್ನ ದೊಡ್ಡ ತಕರಾರು ಇದೇ.

ಮಿರಜ ಬೇರೆ ರಾಜ್ಯದ್ದು, 2024ರಲ್ಲಿ ಅಲ್ಲಿನ ಸಿತಾರ್‌, ತಂಬೂರಿಗೆ ಸಿಕ್ಕ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆಯೂ ಅವರದೇ ಎನ್ನುವವರೂ ಇದ್ದಾರೆ. ಆದರೆ ನಮ್ಮ ಹಾಡಿಕೆಯ ಬೇರೂ ಅಲ್ಲೇ ಇದೆ: ಮಿರಜದಲ್ಲಿ ನೆಲೆಸಿದ್ದ ಗಾಯಕ ಅಬ್ದುಲ್ ಕರೀಂ ಖಾನರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಅವರ ಶಿಷ್ಯರು ಹುಬ್ಬಳ್ಳಿಯ ಗಂಗೂಬಾಯಿ, ಗದಗಿನ ಭೀಮಸೇನರು. ಈ ಮಾತಿಗೆ ಇಷ್ಟು ಉತ್ತರ ಸಾಕು.

ಉಳಿದದ್ದು ತೇವ. ಅದು ನಿಜವಾದ ತೊಂದರೆ. ಆದರೆ ಹಾಡಿಕೆ ಮುಗಿದ ಮೇಲೆ ತಂತಿ ಸಡಿಲಿಸಿ, ಗವಸು ಹಾಕಿ, ಹಸಿಗೋಡೆಗೆ ತಾಗದಂತೆ ಇಟ್ಟರೆ ಅರ್ಧ ದೂರು ತೀರುತ್ತದೆ. ಇನ್ನರ್ಧ ಸವೆದ ಕುದುರೆಯದು. ಉಜ್ಜಿ ಉಜ್ಜಿ ತಂತಿ ಅದರ ಮೇಲೆ ಗೆರೆ ಕೊರೆದಿರುತ್ತದೆ, ಜನ ಮರವನ್ನು ಬೈಯುತ್ತಾರೆ. ಹೊಸ ಪೆಟ್ಟಿಗೆಗೆಂದು ಪಟ್ಟಿ ಎತ್ತುವ ಮಂಡಳಿಗಳು ಮೊದಲು ಮೂಲೆಗಿಟ್ಟ ತಂಬೂರಿಯನ್ನು ಮಿರಜಕ್ಕೆ ಒಯ್ದು ಕುದುರೆ ಉಜ್ಜಿಸಿ ಜವಾರಿ ತೆಗೆಸಿಕೊಂಡು ಬರಲಿ. ಆಮೇಲೂ ಶ್ರುತಿ ನಿಲ್ಲದಿದ್ದರೆ ಲೋಹದ ದಾಂಡಿಯ ಮಾತು ಆಡೋಣ.