ಹೆಚ್ಚು ಕಿಡಿ ಹಾರಿದರೆ ಕಾರಿನ ವೆಲ್ಡಿಂಗ್ ಗಟ್ಟಿಯೇ?

ಕಾರ್ಖಾನೆಯಲ್ಲಿ ರೋಬೋಟ್‌ಗಳು ಕಿಡಿ ಹಾರಿಸುತ್ತಾ ಕಾರಿನ ಬಾಡಿ ಜೋಡಿಸುವ ವಿಡಿಯೋಗಳನ್ನು ನೀವೂ ನೋಡಿರಬಹುದು. ಕಿಡಿ ಜೋರಾದಷ್ಟೂ ಬೆಸುಗೆ ಗಟ್ಟಿ ಎಂದು ಅನ್ನಿಸುವುದು ಸಹಜ. ಆದರೆ ವಾಸ್ತವ ಬೇರೆಯೇ ಇದೆ.

ಸ್ಪಾಟ್ ವೆಲ್ಡಿಂಗ್ ಎಂದರೇನು?

ಉಕ್ಕಿನ ತಗಡುಗಳನ್ನು ಒಂದರ ಮೇಲೊಂದಿಟ್ಟು, ಎರಡೂ ಬದಿಯಿಂದ ತಾಮ್ರದ ಎಲೆಕ್ಟ್ರೋಡ್‌ಗಳಿಂದ ಒತ್ತಿ, ಸುಮಾರು 8ರಿಂದ 12 ಸಾವಿರ ಆಂಪಿಯರ್ ಕರೆಂಟ್ ಹರಿಸುತ್ತಾರೆ. ಕ್ಷಣಮಾತ್ರದಲ್ಲಿ ತಗಡುಗಳ ನಡುವಿನ ಲೋಹ ಕರಗಿ, ಅಂಗಿಯ ಗುಂಡಿಯಷ್ಟು ಜಾಗದಲ್ಲಿ ಒಂದಾಗಿ ಗಟ್ಟಿಯಾಗುತ್ತದೆ. ಇದೇ 'ನಗೆಟ್'. ಒಂದು ಕಾರಿನಲ್ಲಿ ಇಂಥ ಸಾವಿರಾರು ಬೆಸುಗೆಗಳಿರುತ್ತವೆ.

ಹಾಗಾದರೆ ಕಿಡಿ ಏಕೆ?

ಕಿಡಿ ಎಂದರೆ ಬಹುತೇಕ ಕರಗಿದ ಲೋಹ ಹೊರಗೆ ಚಿಮ್ಮಿದ್ದು. ಕರೆಂಟ್ ಹೆಚ್ಚಾದಾಗ, ಒತ್ತಡ ಕಡಿಮೆಯಾದಾಗ ಅಥವಾ ತಗಡುಗಳು ಸರಿಯಾಗಿ ಕೂರದಿದ್ದಾಗ ಹೀಗಾಗುತ್ತದೆ. ನಗೆಟ್‌ಗೆ ಸೇರಬೇಕಾದ ಲೋಹ ಹೊರಹೋದರೆ ಒಳಗೆ ಟೊಳ್ಳಾಗಬಹುದು. ಕಿಡಿ ಬಂದ ಬೆಸುಗೆಯೆಲ್ಲ ಕೆಟ್ಟದ್ದಲ್ಲ, ಆದರೆ ಅದು ಗಟ್ಟಿತನದ ಗುರುತಂತೂ ಅಲ್ಲ.

ಗುಣಮಟ್ಟ ತಿಳಿಯುವುದು ಹೇಗೆ?

ಇಲ್ಲಿ ಕಣ್ಣನ್ನು ನಂಬುವಂತಿಲ್ಲ. ಲೋಹ ಸರಿಯಾಗಿ ಕರಗದೆ ಬರೀ ಅಂಟಿಕೊಂಡಿದ್ದರೂ ಹೊರಗೆ ಅದೇ ದುಂಡು ಗುರುತು ಕಾಣುತ್ತದೆ. ಅದಕ್ಕೇ ಮೂರು ಬಗೆಯ ಪರೀಕ್ಷೆಗಳಿವೆ:

• ವೆಲ್ಡಿಂಗ್ ನಡೆಯುವಾಗಲೇ ವಿದ್ಯುತ್ ರೋಧವನ್ನು ಅಳೆಯುವುದು. ಉಕ್ಕು ಬಿಸಿಯಾಗುವಾಗ ರೋಧ ಏರಿ, ನಗೆಟ್ ಬೆಳೆದಂತೆ ಇಳಿಯುತ್ತದೆ. ಲೋಹ ಚಿಮ್ಮಿದರೆ ಥಟ್ಟನೆ ಕುಸಿಯುತ್ತದೆ.
• ಅಲ್ಟ್ರಾಸೌಂಡ್ ಮೂಲಕ ಒಳಗಿನ ನಗೆಟ್ ಪರೀಕ್ಷಿಸುವುದು.
• ಮಾದರಿ ತುಣುಕುಗಳನ್ನು ಬಿಚ್ಚಿ, ಕಿತ್ತು ನೋಡುವುದು. ಒಂದು ಮಿಲಿಮೀಟರ್ ದಪ್ಪದ ತಗಡಿಗೆ ಕನಿಷ್ಠ ಸುಮಾರು 4 ಮಿಲಿಮೀಟರ್ ಅಗಲದ ನಗೆಟ್ ಇರಬೇಕೆಂಬುದು ಸಾಮಾನ್ಯ ಲೆಕ್ಕ.

ಎಲೆಕ್ಟ್ರೋಡ್‌ನ ಮೇಲೂ ನಿಗಾ ಬೇಕು. ನೂರಾರು ಬೆಸುಗೆಗಳ ನಂತರ ಅದರ ತುದಿ ಚಪ್ಪಟೆಯಾಗುತ್ತದೆ. ಆಗ ಕರೆಂಟ್ ಹರಡಿ ಹೋಗಿ ನಗೆಟ್ ಚಿಕ್ಕದಾಗುತ್ತದೆ. ಹಾಗಾಗಿ ತುದಿಯನ್ನು ಆಗಾಗ ಕೆತ್ತಿ ಸರಿಪಡಿಸುತ್ತಾರೆ.

ನಮಗೇಕೆ ಇದು ಮುಖ್ಯ?

ಅಪಘಾತದಲ್ಲಿ ಕಾರಿನ ಮುಂಭಾಗ ನಜ್ಜುಗುಜ್ಜಾದ ಫೋಟೋ ನೋಡಿ 'ಕಳಪೆ ಕಾರು' ಎನ್ನುವವರಿದ್ದಾರೆ. ಆದರೆ ಮುಂಭಾಗ ಮಡಚಿಕೊಂಡು ಡಿಕ್ಕಿಯ ರಭಸವನ್ನು ಹೀರುವಂತೆಯೇ ವಿನ್ಯಾಸ ಮಾಡಿರುತ್ತಾರೆ. ಬೆಸುಗೆಗಳು ಮೊದಲೇ ಬಿಟ್ಟುಕೊಂಡರೆ ತಗಡು ಸರಿಯಾಗಿ ಮಡಚಿಕೊಳ್ಳುವುದಿಲ್ಲ. ಆಗ ಪೆಟ್ಟು ಒಳಗೆ ಕುಳಿತವರ ಕಡೆಗೆ ಸಾಗುತ್ತದೆ.

ಕಾರು ಕೊಳ್ಳುವವರು ಕ್ರ್ಯಾಶ್ ಟೆಸ್ಟ್ ವರದಿ ಓದುವುದು ಒಳ್ಳೆಯದು. ಗ್ಲೋಬಲ್ ಎನ್‌ಕ್ಯಾಪ್ ವರದಿಗಳಲ್ಲಿ ಬಾಡಿ ಸ್ಥಿರವೋ ಅಸ್ಥಿರವೋ ಎಂದು ಸ್ಟಾರ್‌ಗಳ ಜೊತೆಗೇ ಹೇಳಿರುತ್ತಾರೆ.

ತೀರ್ಮಾನ: ಕಿಡಿಯಿಂದ ಬೆಸುಗೆಯ ಗಟ್ಟಿತನ ಅಳೆಯಲಾಗದು. ಅಂಥ ವಿಡಿಯೋ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಇದನ್ನು ನೆನಪಿಡಿ.